ಮೂಗಿನ ಕೆಳಗಿನ ಹಳದಿ ಹಕ್ಕಳೆ ತಂಗಿಗೂ ಹೇಗೆ ಬಂತು?

ಪ್ರಶ್ನೆ: 4 ವರ್ಷದ ಮಗನ ಮೂಗಿನ ಕೆಳಗೆ ಗುಳ್ಳೆ ಎದ್ದು ಒಡೆದು ಹಳದಿ ಹಕ್ಕಳೆ ಕಟ್ಟಿತು. ವಾರದೊಳಗೆ ಗದ್ದಕ್ಕೆ, ಕೈಗೆ ಹಬ್ಬಿತು. ಈಗ ಅವನ ತಂಗಿಗೂ ಬಂದಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಕ್ರೀಮಿಗೆ ನಿಲ್ಲುತ್ತಿಲ್ಲ. ಅಂಗನವಾಡಿಗೆ ಕಳಿಸಬಹುದೇ?
– ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ: ಲಕ್ಷಣ ನೋಡಿದರೆ ಇದು ಇಂಪೆಟೈಗೊ ಎಂಬ ಚರ್ಮದ ಸೋಂಕು ಇರಬೇಕು. ಸ್ಟ್ಯಾಫಿಲೊಕಾಕಸ್ ಆರಿಯಸ್ ಅಥವಾ ಸ್ಟ್ರೆಪ್ಟೊಕಾಕಸ್ ಪಯೋಜಿನಸ್ ಬ್ಯಾಕ್ಟೀರಿಯಾದಿಂದ ಬರುತ್ತದೆ. 2ರಿಂದ 5 ವರ್ಷದ ಮಕ್ಕಳಲ್ಲೇ ಹೆಚ್ಚು. ನೆಗಡಿಯಾದಾಗ ಮೂಗು ಉಜ್ಜಿ ಉಜ್ಜಿ ತರಚಿದ ಜಾಗ ಸಾಕು, ಒಳಗೆ ಇಳಿಯುತ್ತದೆ. ಆಮೇಲೆ ಹಬ್ಬಿಸುವುದು ಮಗುವಿನ ಉಗುರೇ. ತಂಗಿಗೆ ದಾಟಿದ್ದು ಮುಟ್ಟಿದ್ದರಿಂದ, ಇಲ್ಲವೇ ಒಂದೇ ಟವೆಲ್, ಒಂದೇ ದಿಂಬಿನಿಂದ.

ಆ ಕ್ರೀಮನ್ನು ಇವತ್ತೇ ನಿಲ್ಲಿಸಿ, ಟ್ಯೂಬನ್ನು ವೈದ್ಯರಿಗೆ ತೋರಿಸಿ. ಚೀಟಿಯಿಲ್ಲದೆ ಸಿಗುವ ಎಷ್ಟೋ ಟ್ಯೂಬುಗಳಲ್ಲಿ ಬೆಟಾಮೆಥಸೋನ್, ಕ್ಲೋಬೆಟಸಾಲ್‌ನಂಥ ಸ್ಟಿರಾಯ್ಡ್ ಬೆರೆತಿರುತ್ತದೆ. ಕೆಂಪು, ಉರಿ ಕಡಿಮೆಯಾದಂತೆ ಕಾಣುತ್ತದೆ. ಆದರೆ ಚರ್ಮದ ರಕ್ಷಣಾಶಕ್ತಿ ಕುಗ್ಗಿ ಸೋಂಕು ಹಬ್ಬುತ್ತದೆ.

ಒಂದೆರಡು ಗಾಯವಷ್ಟೇ ಇದ್ದರೆ ವೈದ್ಯರು ಸಾಮಾನ್ಯವಾಗಿ ಶೇ 2ರ ಮ್ಯುಪಿರೊಸಿನ್ ಮುಲಾಮನ್ನು 5 ದಿನ ಹಚ್ಚಲು ಹೇಳುತ್ತಾರೆ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು 5–10 ನಿಮಿಷ ಗಾಯದ ಮೇಲಿಟ್ಟು, ನೆನೆದ ಹಕ್ಕಳೆಯನ್ನು ಮೆಲ್ಲಗೆ ಒರೆಸಿ ತೆಗೆದು ಹಚ್ಚಬೇಕು. ಒಣ ಹಕ್ಕಳೆಯ ಮೇಲೆ ಬಳಿದ ಮುಲಾಮು ಕೆಳಗಿನ ಬ್ಯಾಕ್ಟೀರಿಯಾವನ್ನು ತಲುಪುವುದೇ ಇಲ್ಲ. ಕೀಳಬೇಡಿ, ರಕ್ತ ಬಂದೀತು. ನಿಮ್ಮ ಮನೆಯಲ್ಲಿ ಮೂರು ಕಡೆ ಹಬ್ಬಿ ಇನ್ನೊಂದು ಮಗುವಿಗೂ ಬಂದಿರುವುದರಿಂದ, ತೂಕ ನೋಡಿ ಕೊಡುವ ಆ್ಯಂಟಿಬಯಾಟಿಕ್ ಸಿರಪ್ಪೇ ಬೇಕಾಗಬಹುದು. ಎರಡು ದಿನಕ್ಕೆ ವಾಸಿಯಾದಂತೆ ಕಂಡರೂ ಹೇಳಿದಷ್ಟು ದಿನ ಕುಡಿಸಿ.

ಅಂಗನವಾಡಿಗೆ ಈಗ ಬೇಡ. ಔಷಧಿ ಶುರುವಾಗಿ ಕನಿಷ್ಠ 24 ಗಂಟೆ ಕಳೆಯಲಿ. ಆಮೇಲೂ ಒಸರುವ ಗಾಯ ಮುಚ್ಚಿಯೇ ಕಳಿಸಿ.

ನೀರಿಗೆ ಕಷ್ಟವಿರುವ ಊರಾದರೂ ಕೈ, ಉಗುರು, ಟವೆಲ್ ಈ ಮೂರರಲ್ಲಿ ಉಳಿತಾಯ ಬೇಡ. ಒಬ್ಬೊಬ್ಬರಿಗೆ ಬೇರೆ ಟವೆಲ್ ಇಟ್ಟು, ದಿನವೂ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಕಂಬಳಿಯನ್ನು ಹಾಗೆ ಒಗೆಯಲಾಗದು. ಮಗುವಿಗೆ ಮೊದಲು ಹತ್ತಿಯ ದುಪ್ಪಟಿ ಹೊದಿಸಿ, ಕಂಬಳಿ ಅದರ ಮೇಲಿರಲಿ.

ಬೆರಳ ಸಂದಿಯಲ್ಲಿ ರಾತ್ರಿ ಹೊತ್ತು ನವೆ ಜಾಸ್ತಿಯಾಗುತ್ತಿದ್ದರೆ ಕಜ್ಜಿ ಇದೆಯೇ ಎಂದು ವೈದ್ಯರನ್ನು ಕೇಳಿ. ಅದಿದ್ದರೆ ಮನೆಮಂದಿಯೆಲ್ಲ ಒಂದೇ ದಿನ ಚಿಕಿತ್ಸೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಈ ಗಾಯ ಮರುಕಳಿಸುತ್ತದೆ.

ಜ್ವರ ಬಂದರೆ, ಗಾಯದ ಸುತ್ತ ಕೆಂಪು, ಬಿಸಿ, ಊತ ಹರಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಯ ಮಾಯ್ದ ಮೇಲೂ ಕೆಲವು ವಾರ ಗಮನವಿಡಿ: ಬೆಳಿಗ್ಗೆ ಮುಖ ಊದಿಕೊಂಡು ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಸ್ಟ್ರೆಪ್ಟೊಕಾಕಸ್‌ನ ಪರಿಣಾಮ ಮೂತ್ರಪಿಂಡಕ್ಕೆ ಆಗಿರಬಹುದು. ಕೂಡಲೇ ಮೂತ್ರ, ರಕ್ತದೊತ್ತಡ ಪರೀಕ್ಷೆ ಆಗಬೇಕು.