ಪೈಪ್ ಗ್ಯಾಸ್ ಬಂತು, ಹಳೇ ಸ್ಟವ್ ಏನು ಮಾಡೋದು?

ಓದುಗರ ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಪೈಪ್ ಗ್ಯಾಸ್ ಕೊಡುತ್ತಿದ್ದಾರೆ. ನಮ್ಮಲ್ಲಿರುವುದು ಸಿಲಿಂಡರಿಗೆಂದು ಕೊಂಡ ಮೂರು ಬರ್ನರ್‌ನ ಗಾಜಿನ ಸ್ಟವ್. ಕೊಂಡು ಎರಡು ವರ್ಷವೂ ಆಗಿಲ್ಲ. ಇದೇ ನಡೆಯುತ್ತದಾ, ಹೊಸದು ತರಬೇಕಾ? ಪಕ್ಕದ ಮನೆಯವರು ‘ಪೈಪ್ ಗ್ಯಾಸಿನಲ್ಲಿ ಉರಿ ಸಾಲಲ್ಲ, ಅಡುಗೆ ತಡ ಆಗುತ್ತೆ’ ಅನ್ನುತ್ತಾರೆ. ನಿಜವಾ?

ಉತ್ತರ: ಇದೇ ಸ್ಟವ್ ನಡೆಯುತ್ತದೆ. ಆದರೆ ಅದರೊಳಗೆ ಪ್ರತಿ ಬರ್ನರ್‌ಗೂ ಒಂದೊಂದು ಪುಟ್ಟ ಹಿತ್ತಾಳೆ ಜೆಟ್, ಅಂದರೆ ಗ್ಯಾಸ್ ಹೊರಬರುವ ಸಣ್ಣ ತೂತಿನ ಮೂತಿ, ಇರುತ್ತದೆ. ಅದನ್ನು ಬದಲಾಯಿಸಲೇಬೇಕು. ಹಾಗೇ ಪೈಪಿಗೆ ಜೋಡಿಸಿದರೆ ಉರಿ ಮಿಣಮಿಣ ಅನ್ನುತ್ತದೆ, ಅನ್ನಕ್ಕಿಟ್ಟ ನೀರು ಕುದಿಯುವಷ್ಟರಲ್ಲಿ ಹಸಿವೇ ಹೋಗಿರುತ್ತದೆ. ಪಕ್ಕದ ಮನೆಯವರ ಮಾತೂ ಪೂರ್ತಿ ಸುಳ್ಳಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಸಿಲಿಂಡರಿನಲ್ಲಿರುವುದು ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯುಟೇನ್ ಬೆರೆತ ಗ್ಯಾಸ್. ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ, ಅದರಲ್ಲಿ ಹೆಚ್ಚಿನ ಪಾಲು ಮೀಥೇನ್. ಬೆಂಗಳೂರಿಗೆ ಇದನ್ನು ತರುವುದು ಮಹಾರಾಷ್ಟ್ರದ ದಾಭೋಳ್‌ನಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ತುಮಕೂರು ಹಾದು ಬರುವ ದೊಡ್ಡ ಕೊಳವೆ. 2013ರಲ್ಲಿ ಶುರುವಾಯಿತು. ಮಂಗಳೂರಿಗೆ ಕೊಚ್ಚಿಯಿಂದ ಬರುವ 450 ಕಿಲೋಮೀಟರ್ ಕೊಳವೆ ಉದ್ಘಾಟನೆಯಾದದ್ದು 2021ರ ಜನವರಿಯಲ್ಲಿ. ಎರಡೂ ಕಡೆ ಮನೆಯೊಳಗೆ ಬರುವುದು ಒಂದೇ ಜಾತಿಯ ಗ್ಯಾಸ್, ಹಾಗಾಗಿ ಮಂಗಳೂರಿನವರಿಗೂ ಇದೇ ಉತ್ತರ.

ಈಗ ಲೆಕ್ಕ ನೋಡಿ. ಒಂದು ಘನ ಮೀಟರ್ ಎಲ್‌ಪಿಜಿ ಉರಿದಾಗ ಬರುವ ಶಾಖ, ಅಷ್ಟೇ ನೈಸರ್ಗಿಕ ಅನಿಲ ಉರಿದಾಗ ಬರುವುದರ ಎರಡೂವರೆಯಿಂದ ಮೂರು ಪಟ್ಟು. ಅದು ಸಾಲದು ಅಂತ ಒತ್ತಡವೂ ಕಡಿಮೆ. ಸಿಲಿಂಡರಿನ ರೆಗ್ಯುಲೇಟರ್ ದಾಟಿ ಬರುವ ಗ್ಯಾಸಿನ ಒತ್ತಡ ಸುಮಾರು 30 ಮಿಲಿಬಾರ್, ಪೈಪಿನದು ಅಡುಗೆಮನೆಯಲ್ಲಿ ಸುಮಾರು 21. ಕಡಿಮೆ ಒತ್ತಡದಲ್ಲಿ ಹೆಚ್ಚು ಗ್ಯಾಸ್ ಬರಬೇಕು ಅಂದರೆ ಜೆಟ್ಟಿನ ತೂತು ದೊಡ್ಡದಾಗಬೇಕು. ಸಿಲಿಂಡರ್ ಸ್ಟವ್‌ನಲ್ಲಿ ಈ ತೂತು ಒಂದು ಮಿಲಿಮೀಟರಿಗಿಂತ ಸಣ್ಣದು. ಪೈಪ್ ಗ್ಯಾಸಿಗೆ ತೂತಿನ ವಿಸ್ತೀರ್ಣ ಹೆಚ್ಚುಕಮ್ಮಿ ಎರಡರಷ್ಟು ಬೇಕಾಗುತ್ತದೆ.

ಜೆಟ್ ಮಾಡುವುದು ಗ್ಯಾಸ್ ಬಿಡುವ ಕೆಲಸ ಮಾತ್ರ ಅಲ್ಲ. ಅದರಿಂದ ರಭಸವಾಗಿ ಹೊರಟ ಗ್ಯಾಸ್, ಬರ್ನರ್‌ಗೆ ಹೋಗುವ ಕೊಳವೆಯ ಬಾಯಲ್ಲಿ ಅಕ್ಕಪಕ್ಕದ ಗಾಳಿಯನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಗಾಳಿ ಸರಿಯಾಗಿ ಬೆರೆತರೆ ಉರಿ ನೀಲಿ. ಸಾಲದಿದ್ದರೆ ಹಳದಿ, ಪಾತ್ರೆಯ ತಳಕ್ಕೆಲ್ಲ ಮಸಿ. ಒಂದು ಪಾಲು ಮೀಥೇನ್ ಪೂರ್ತಿ ಉರಿಯಲು ಹತ್ತು ಪಾಲಿನಷ್ಟು ಗಾಳಿ ಸಾಕು. ಪ್ರೊಪೇನಿಗೆ 24, ಬ್ಯುಟೇನಿಗೆ 31 ಪಾಲು ಬೇಕು. ಅಂದರೆ ಒಂದು ಗ್ಯಾಸಿಗೆ ಅಳೆದು ಮಾಡಿದ ಜೆಟ್ ಇನ್ನೊಂದಕ್ಕೆ ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ.

ಕನೆಕ್ಷನ್ ಕೊಡಲು ಬರುವವರೇ ಸಾಮಾನ್ಯವಾಗಿ ಈ ಕೆಲಸವನ್ನೂ ಮಾಡಿಕೊಡುತ್ತಾರೆ. ಆ ದಿನ ಮನೆಯಲ್ಲಿ ಯಾರಾದರೂ ಪಕ್ಕದಲ್ಲೇ ನಿಂತು ನೋಡಿ. ಕೆಲವರು ಹಳೇ ಜೆಟ್ಟಿನ ತೂತನ್ನೇ ಸಣ್ಣ ಡ್ರಿಲ್ಲಿನಿಂದ ಹಿಗ್ಗಿಸಿಬಿಡುತ್ತಾರೆ. ಬೇಡ ಅನ್ನಿ. ಕೈಯಲ್ಲಿ ಕೊರೆದ ತೂತು ದುಂಡಗಿರುವುದಿಲ್ಲ, ಗ್ಯಾಸ್ ಓರೆಯಾಗಿ ಹಾರುತ್ತದೆ, ಗಾಳಿ ಬೆರೆಯುವ ಲೆಕ್ಕ ತಪ್ಪುತ್ತದೆ. ಅಳತೆಗೆ ತಕ್ಕ ಹೊಸ ಜೆಟ್ಟನ್ನೇ ಹಾಕಿಸಿ. ದೊಡ್ಡ ಬರ್ನರ್, ಸಣ್ಣ ಬರ್ನರ್ ಜೆಟ್‌ಗಳು ಬೇರೆ ಬೇರೆ ಅಳತೆಯವು, ಅದಲುಬದಲಾದರೆ ಸಣ್ಣ ಬರ್ನರ್ ಭುಗಿಲೆದ್ದು ದೊಡ್ಡದು ಸಪ್ಪಗಾಗುತ್ತದೆ. ಬಿಚ್ಚಿದ ಹಳೇ ಜೆಟ್‌ಗಳನ್ನು ಕೇಳಿ ತೆಗೆದುಕೊಳ್ಳಿ, ಯಾವುದು ಯಾವ ಬರ್ನರಿನದು ಅಂತ ಬರೆದು ಒಂದು ಕವರಿನಲ್ಲಿಡಿ. ಸ್ಟವ್‌ಗೆ ಇನ್ನೂ ವಾರಂಟಿ ಇದ್ದರೆ, ಬಿಚ್ಚಿಸುವ ಮೊದಲು ತಯಾರಕರ ಸರ್ವೀಸ್ ಸೆಂಟರಿಗೆ ಒಂದು ಫೋನ್ ಮಾಡಿ. ಅವರೇ ಜೆಟ್ ಕೊಟ್ಟರೆ ಇನ್ನೂ ಒಳ್ಳೆಯದು.

ಕೆಲಸ ಮುಗಿದ ಮೇಲೆ ಜೋಡಣೆ ಇರುವ ಕಡೆಯೆಲ್ಲ ಸೋಪಿನ ನೀರು ಹಚ್ಚಿ ನೋಡಲು ಹೇಳಿ. ಗುಳ್ಳೆ ಎದ್ದರೆ ಲೀಕ್ ಇದೆ ಅಂತ. ಬೆಂಕಿಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ, ಅಂಥವರನ್ನು ಅಡುಗೆಮನೆಯಿಂದ ಆಚೆ ಕಳಿಸಿ. ಆಮೇಲೆ ಪ್ರತಿ ಬರ್ನರ್ ಹಚ್ಚಿ, ಪೂರ್ತಿ ಉರಿ ಮತ್ತು ಸಿಮ್ ಎರಡನ್ನೂ ನೋಡಿ. ಉರಿ ನೀಲಿಯಾಗಿ, ಬರ್ನರ್‌ಗೆ ಅಂಟಿಕೊಂಡು ನಿಲ್ಲಬೇಕು. ತೂತುಗಳಿಂದ ಎದ್ದು ಮೇಲೆ ತೇಲಿದಂತೆ ಕಂಡರೆ, ಸಿಮ್ ಮಾಡಿದಾಗ ಆರಿಹೋದರೆ, ಅವರು ಹೊರಡುವ ಮೊದಲೇ ಸರಿಮಾಡಿಸಿ. ಮೀಥೇನ್ ಉರಿ ಹರಡುವ ವೇಗ ಸ್ವಲ್ಪ ಕಡಿಮೆ, ಹಾಗಾಗಿ ಎಲ್‌ಪಿಜಿಗೆಂದು ಮಾಡಿದ ಬರ್ನರ್‌ನಲ್ಲಿ ಹೀಗೆ ತೇಲುವುದುಂಟು.

ಇನ್ನು ‘ಅಡುಗೆ ತಡ’ ಅನ್ನುವ ದೂರು. ಉರಿಯ ಬಿಸಿ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ನಿಮಿಷಕ್ಕೆ ಎಷ್ಟು ಶಾಖ ಬರುತ್ತದೆ, ಅದರಲ್ಲಿ ಎಷ್ಟು ಪಾತ್ರೆಗೆ ಸೇರುತ್ತದೆ ಅನ್ನುವುದರಲ್ಲಿ. ನಮ್ಮ ಎಲ್‌ಪಿಜಿ ಸ್ಟವ್‌ಗಳ ಐಎಸ್‌ಐ ಮಾನದಂಡ 4246ರ ಪ್ರಕಾರ ಶಾಖದ ಕನಿಷ್ಠ 68 ಶೇಕಡಾ ಪಾತ್ರೆಗೆ ಸೇರಬೇಕು. ಅದೇ ಸ್ಟವ್‌ಗೆ ಜೆಟ್ ಬದಲಾಯಿಸಿ ಪೈಪ್ ಗ್ಯಾಸ್ ಉರಿಸಿದಾಗ ಅಷ್ಟು ಸಿಗುವುದಿಲ್ಲ. ಬರ್ನರಿನ ತೂತು, ಪಾತ್ರೆಗೂ ಉರಿಗೂ ನಡುವಿನ ಎತ್ತರ ಎಲ್ಲವೂ ಇನ್ನೊಂದು ಗ್ಯಾಸಿಗೆ ಹೊಂದಿಸಿದ್ದು ತಾನೇ? ಹಾಗಾಗಿ ಮುದ್ದೆಗಿಟ್ಟ ಎಸರು ನಾಲ್ಕು ನಿಮಿಷ ತಡವಾಗಿ ಕುದಿಯಬಹುದು. ಆದರೆ ಹತ್ತು ನಿಮಿಷದ ಕೆಲಸ ಇಪ್ಪತ್ತಾದರೆ ಅದು ಗ್ಯಾಸಿನ ಗುಣ ಅಲ್ಲ, ಜೆಟ್ ಅಳತೆ ತಪ್ಪಿದೆ. ಸುಮ್ನೆ ಒಗ್ಗಿಕೊಳ್ಳಬೇಡಿ, ಮತ್ತೆ ಕರೆಸಿ.

ಪೈಪ್ ಗ್ಯಾಸಿಗೆಂದೇ ಮಾಡಿದ ಸ್ಟವ್‌ಗಳೂ ಇವೆ, ಅವುಗಳ ಮಾನದಂಡದ ಸಂಖ್ಯೆ 17153. ಎರಡು ವರ್ಷದ ಸ್ಟವ್ ಎಸೆದು ಅದನ್ನು ತರುವುದು ನನಗಂತೂ ದಂಡ ಅನ್ನಿಸುತ್ತದೆ. ದೊಡ್ಡ ಸಂಸಾರ, ದಿನವಿಡೀ ಒಲೆ ಉರಿಯುವ ಮನೆಯಾದರೆ ಮುಂದಿನ ಸಲ ಕೊಳ್ಳುವಾಗ ಆ ಸಂಖ್ಯೆ ನೋಡಿ ತನ್ನಿ.

ಬಿಲ್ಲಿನ ವಿಷಯ ನೀವು ಕೇಳಿಲ್ಲ, ಆದರೆ ಮೊದಲ ಬಿಲ್ ಬಂದಾಗ ಕೇಳೇ ಕೇಳುತ್ತೀರಿ. ಶಾಖದ ಲೆಕ್ಕದಲ್ಲಿ 14.2 ಕೆಜಿ ಸಿಲಿಂಡರ್ ಅಂದರೆ ಮೀಟರಿನಲ್ಲಿ ಸುಮಾರು 17ರಿಂದ 18 ಯೂನಿಟ್, ಇಲ್ಲಿ ಯೂನಿಟ್ ಅಂದರೆ ಒಂದು ಘನ ಮೀಟರ್. ಒಂದು ಸಿಲಿಂಡರ್ 45 ದಿನ ಬರುತ್ತಿದ್ದ ಮನೆಗೆ ಎರಡು ತಿಂಗಳಿಗೆ 23-24 ಯೂನಿಟ್ ಆಗಬೇಕು. ಮೇಲೆ ಹೇಳಿದ ಕಾರಣಕ್ಕೆ ಅದಕ್ಕಿಂತ ಜಾಸ್ತಿಯೇ ಬರುತ್ತದೆ.

ದಿನದಿನದ ನಿಗಾ ಎರಡು ಗ್ಯಾಸಿಗೂ ಒಂದೇ. ಹಾಲು ಉಕ್ಕಿದ ದಿನ ಬರ್ನರ್ ತಣ್ಣಗಾದ ಮೇಲೆ ಮುಚ್ಚಳ ತೆಗೆದು, ಬಿಸಿ ಸೋಪಿನ ನೀರಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಪೂರ್ತಿ ಒಣಗಿಸಿಯೇ ವಾಪಸ್ ಇಡಿ. ಜೆಟ್ಟಿಗೆ ಮಾತ್ರ ಪಿನ್ನು, ಸೂಜಿ ಹಾಕಬೇಡಿ, ತೂತಿನ ಅಳತೆಯೇ ಕೆಡುತ್ತದೆ. ರಬ್ಬರ್ ಟ್ಯೂಬ್ ಐಎಸ್‌ಐ ಗುರುತಿನದು, ಒಳಗೆ ಉಕ್ಕಿನ ತಂತಿ ಇರುವ ಕಿತ್ತಳೆ ಬಣ್ಣದ್ದು ಇರಲಿ. ಐದು ವರ್ಷಕ್ಕೊಮ್ಮೆ ಬದಲಾಯಿಸಿ, ಬಿರುಕು ಕಂಡರೆ ಅವತ್ತೇ. ಕರೆಂಟ್ ಹೋದರೆ ಪೈಪ್ ಗ್ಯಾಸ್ ನಿಲ್ಲುವುದಿಲ್ಲ. ಸ್ವಿಚ್ಚಿಗೆ ಹಾಕುವ ಹಾಬ್, ಅಂದರೆ ಅಡುಗೆ ಕಟ್ಟೆಯಲ್ಲೇ ಕೂರಿಸಿದ ಸ್ಟವ್, ಇದ್ದವರಿಗೆ ಕಿಡಿ ಮಾತ್ರ ಬರುವುದಿಲ್ಲ, ಸಾಮಾನ್ಯವಾಗಿ ಲೈಟರ್‌ನಿಂದ ಹಚ್ಚಿಕೊಳ್ಳಬಹುದು.

ಒಂದು ಅಭ್ಯಾಸ ಮಾತ್ರ ಬದಲಾಗಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕಾದರೆ ನೆಲದಲ್ಲಿ ಹರಡುತ್ತದೆ. ಪೈಪ್ ಗ್ಯಾಸ್ ಗಾಳಿಗಿಂತ ಹಗುರ, ಚಾವಣಿಗೆ ಏರುತ್ತದೆ. ಸಿಲಿಂಡರ್ ಕಾಲದಲ್ಲಿ ಸೊಳ್ಳೆಗೆ ಹೆದರಿ ಮೇಲಿನ ವೆಂಟಿಲೇಟರ್ ಮುಚ್ಚಿದ್ದರೆ ಈಗ ತೆಗೆಯಿರಿ, ಬೇಕಾದರೆ ಜಾಲರಿ ಹಾಕಿ. ವಾಸನೆ ಬಂದರೆ ಪೈಪಿನ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಎಕ್ಸಾಸ್ಟ್ ಫ್ಯಾನ್ ಕೂಡ. ಹೊರಗೆ ಬಂದು ಬಿಲ್ಲಿನಲ್ಲಿರುವ ತುರ್ತು ನಂಬರಿಗೆ ಫೋನ್ ಮಾಡಿ. ಸಿಲಿಂಡರ್ ಇರುವ ಮನೆಯವರಿಗೆ ಆ ನಂಬರ್ 1906.

ಮುಂದೆ ಪೈಪ್ ಇಲ್ಲದ ಮನೆಗೆ ಹೋದರೆ, ಎತ್ತಿಟ್ಟ ಹಳೇ ಜೆಟ್‌ಗಳನ್ನು ಮೆಕ್ಯಾನಿಕ್‌ನಿಂದ ವಾಪಸ್ ಹಾಕಿಸಿದ ಮೇಲೆಯೇ ಸಿಲಿಂಡರ್ ಜೋಡಿಸಿ. ಇದರಲ್ಲಿ ಉದಾಸೀನ ಬೇಡ. ಎಲ್‌ಪಿಜಿ ಜೆಟ್ಟಿನಲ್ಲಿ ಪೈಪ್ ಗ್ಯಾಸ್ ಬಂದರೆ ಅಡುಗೆ ತಡವಾಗುತ್ತದೆ, ಅಷ್ಟೇ. ದೊಡ್ಡ ತೂತಿನ ಜೆಟ್ಟಿನಲ್ಲಿ ಎಲ್‌ಪಿಜಿ ನುಗ್ಗಿದರೆ ಎತ್ತರದ ಹಳದಿ ಉರಿ, ಮಸಿ, ಜೊತೆಗೆ ವಾಸನೆಯೇ ಇಲ್ಲದ ವಿಷ ಕಾರ್ಬನ್ ಮೊನಾಕ್ಸೈಡ್. ಹಾಗೇ ಈಗ ಸಿಲಿಂಡರ್ ಮತ್ತು ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸುವುದಾದರೆ ಠೇವಣಿ ಹಣ ವಾಪಸ್ ಪಡೆಯಿರಿ, ಜೊತೆಗೆ ಟಿವಿ, ಅಂದರೆ ಟರ್ಮಿನೇಶನ್ ವೋಚರ್, ಕೇಳಿ ಪಡೆಯಿರಿ. ಮುಂದೆ ಮತ್ತೆ ಸಿಲಿಂಡರ್ ಕನೆಕ್ಷನ್ ಬೇಕಾದಾಗ ಅದನ್ನು ತೋರಿಸಿದರೆ ಕೆಲಸ ಸುಲಭ.