ಫೋನು ಅಪ್ಪನದು, ಚಾಟು ಮಗಳದು: ಎಐ ಕಾನೂನಿಗೆ ಕಾಣದ ಮಕ್ಕಳು

ಕಾಫಿ ಕೊಯ್ಲಿನ ಸಮಯದಲ್ಲಿ ಕೊಡಗಿನ ಸಿದ್ದಾಪುರ, ಪಾಲಿಬೆಟ್ಟ ಕಡೆ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಸಂಜೆ ಫೋನು ಇರುವುದು ಮಕ್ಕಳ ಕೈಯಲ್ಲೇ. ಸಿಮ್ ಅಪ್ಪನ ಹೆಸರಲ್ಲಿ, ಖಾತೆಯೂ ಅಪ್ಪನದೇ. ಹೋಮ್‌ವರ್ಕ್‌ಗೆ ಅಂತ ತೆರೆದ ಎಐ ಚಾಟಿನಲ್ಲಿ ಸ್ವಲ್ಪ ದಿನಕ್ಕೆ "ಅಮ್ಮ ಬೈದರು, ಯಾರ ಹತ್ರಾನೂ ಮಾತಾಡಬೇಕು ಅನ್ಸಲ್ಲ" ಅನ್ನುವ ಸಾಲುಗಳೂ ಬೀಳುತ್ತವೆ. ಆ ಕಡೆಯ ಕಂಪನಿಯ ಲೆಕ್ಕದಲ್ಲಿ ಹೀಗೆ ಬರೆದದ್ದು ನಲವತ್ತರ ಗಂಡಸು!

ಇದಕ್ಕೆ ಕಾರಣ ಹಳೆಯದು. 1998ರಲ್ಲಿ ಅಮೆರಿಕ ಮಾಡಿದ ಕಾನೂನು 13 ವರ್ಷದೊಳಗಿನ ಮಕ್ಕಳ ಮಾಹಿತಿ ತೆಗೆದುಕೊಳ್ಳಲು ಹೆತ್ತವರ ಒಪ್ಪಿಗೆ ಬೇಕು ಎಂದಿತು. ಮಾಹಿತಿಯದ್ದೇ ಚಿಂತೆ ಆಗ. ಯಂತ್ರವೇ ಮಗುವಿನ ಜೊತೆ ಕೂತು ರಾತ್ರಿಯೆಲ್ಲ ಹರಟುತ್ತದೆ ಅಂತ ಯಾರು ಅಂದುಕೊಂಡಿದ್ದರು? ಮಕ್ಕಳಂತೂ ಹುಟ್ಟಿದ ವರ್ಷ ಸುಳ್ಳು ಹಾಕಿ ಒಳಗೆ ಹೋದರು.

ಮಾತಿನ ಅಪಾಯಕ್ಕೆ ಮೊದಲು ಕೈಹಾಕಿದವರಲ್ಲಿ ಇಟಲಿ ಒಂದು. 2023ರ ಫೆಬ್ರವರಿಯಲ್ಲಿ, ವಯಸ್ಸು ಸರಿಯಾಗಿ ನೋಡುತ್ತಿಲ್ಲ ಎಂದು ರೆಪ್ಲಿಕಾ ಎಂಬ 'ಗೆಳೆಯ' ಆ್ಯಪ್‌ಗೆ ತಡೆ ಹಾಕಿತು. ಮರುವರ್ಷ ಫ್ಲಾರಿಡಾದ 14 ವರ್ಷದ ಹುಡುಗನೊಬ್ಬ ಜೀವ ಕಳೆದುಕೊಂಡ. ಕ್ಯಾರೆಕ್ಟರ್ ಎಐ ಚಾಟ್‌ಬಾಟ್‌ಗೆ ಅವನು ಅಂಟಿಕೊಂಡಿದ್ದೇ ಇದಕ್ಕೆ ಕಾರಣ ಎಂದು ತಾಯಿ ಅಕ್ಟೋಬರ್‌ನಲ್ಲಿ ಕೋರ್ಟಿಗೆ ಹೋದರು. ಅಲ್ಲಿಂದ ಮಾತು ಜೋರಾಯಿತು. 2025ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ಕಾನೂನನ್ನೇ ತಂದಿತು: ಮಕ್ಕಳು ಮಾತಾಡುತ್ತಲೇ ಇದ್ದರೆ ಮೂರು ಗಂಟೆಗೊಮ್ಮೆಯಾದರೂ "ನಾನು ಮನುಷ್ಯ ಅಲ್ಲ, ಸ್ವಲ್ಪ ಬಿಡುವು ತಗೋ" ಎಂದು ನೆನಪಿಸಬೇಕು, ಅಶ್ಲೀಲ ಚಿತ್ರ ತೋರಿಸದಂತೆ ತಡೆ ಇರಬೇಕು, ಸಾಯುವ ಮಾತು ಬಂದರೆ ಸಹಾಯವಾಣಿಯ ದಾರಿ ತೋರಿಸಬೇಕು. ಇದಕ್ಕಿಂತ ಬಿಗಿಯಾದ ಇನ್ನೊಂದು ಮಸೂದೆಯನ್ನು ಗವರ್ನರ್ ಅದೇ ದಿನ ತಿರಸ್ಕರಿಸಿದರು. ಮೂರು ಗಂಟೆ ಅಂದರೆ ಜಾಸ್ತಿಯೇ ಆಯಿತು, ಅಲ್ವಾ? ಅದಿರಲಿ. ಆ ಮೂರು ಗಂಟೆಯ ನಿಯಮವೂ ಬಳಸುವವರು ಮಕ್ಕಳು ಅಂತ ಕಂಪನಿಗೆ ಗೊತ್ತಿದ್ದಾಗ ಮಾತ್ರ. ಪಾಲಿಬೆಟ್ಟದ ಫೋನಿನ ತೊಂದರೆ ಇರುವುದು ಇಲ್ಲೇ.

ನಮ್ಮ ದೇಶದ 2023ರ ಡೇಟಾ ಕಾನೂನು ಒಂದು ವಿಷಯದಲ್ಲಿ ಧಾರಾಳ. 18 ತುಂಬದವರೆಲ್ಲ ಅದಕ್ಕೆ ಮಕ್ಕಳೇ. ಹೆತ್ತವರ ಒಪ್ಪಿಗೆ ಖಾತ್ರಿಯಾಗಬೇಕು, ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸಬಾರದು, ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದವು, ಮುಖ್ಯ ಭಾಗಗಳು ಜಾರಿಯಾಗಲು 18 ತಿಂಗಳ ಗಡುವು. ಆದರೆ ಚಾಟ್‌ಬಾಟ್ ಮಗುವಿಗೆ ಏನು ಹೇಳಬಹುದು, ಏನು ಹೇಳಬಾರದು ಎಂಬುದು ಅದರಲ್ಲಿ ಇಲ್ಲ. ಒಪ್ಪಿಗೆ ಕೊಡಬೇಕಾದ ಅಪ್ಪನ ಖಾತೆಯೊಳಗೇ ಮಗಳು ಕೂತಿರುವಾಗ ಆ ಒಪ್ಪಿಗೆಯನ್ನು ಕೇಳುವವರಾದರೂ ಯಾರು?

ನನ್ನನ್ನು ಕೇಳಿದರೆ, ಖಾತೆಯ ವಯಸ್ಸನ್ನು ನಂಬಿ ಕೂರುವುದನ್ನು ಬಿಡಬೇಕು. "ನಾಳೆ ಎಂಟನೇ ಕ್ಲಾಸ್ ಟೆಸ್ಟ್" ಎಂದು ಬರೆದವರು ಯಾರು ಅಂತ ಊಹಿಸುವುದು ಕಷ್ಟವೇ? ಬಳಸುವ ರೀತಿ ನೋಡಿ ವಯಸ್ಸು ಅಂದಾಜು ಮಾಡುತ್ತೇವೆ ಎಂದು ಚಾಟ್‌ಜಿಪಿಟಿ ಮಾಡಿದ ಕಂಪನಿ ಓಪನ್‌ಎಐ 2025ರಲ್ಲಿ ಹೇಳಿತ್ತು. ಒಂದೇ ಖಾತೆಯಲ್ಲಿ ಅಪ್ಪ ಕಾಳುಮೆಣಸಿನ ರೇಟು ಕೇಳಿ, ಹತ್ತು ನಿಮಿಷಕ್ಕೆ ಮಗಳು ಲೆಕ್ಕ ಕೇಳಿದರೆ ಆ ಅಂದಾಜು ತಪ್ಪಬಹುದು. ಆಗ ಇಬ್ಬರನ್ನೂ ಮಕ್ಕಳೆಂದೇ ಎಣಿಸಲಿ. ಮೆಣಸಿನ ರೇಟು ಕೇಳುವ ಅಪ್ಪನಿಗೆ ಅದರಿಂದ ಏನೂ ನಷ್ಟವಿಲ್ಲ.