ಸೂಜಿಗೆ ಸಿಗದ್ದು ರಕ್ತದಲ್ಲಿ ಸಿಕ್ಕೀತೇ?

"ಸೂಜಿ ಚುಚ್ಚಿಯೂ ಗೊತ್ತಾಗ್ಲಿಲ್ಲ ಅಂದ್ರೆ ಹೇಗೆ ಡಾಕ್ಟ್ರೇ? ರಕ್ತದಲ್ಲಿ ನೋಡೋಕಾಗಲ್ವಾ?" ಥೈರಾಯ್ಡ್ ಗಂಟಿನ ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಕೋಶ ಹೀರಿ ನೋಡುವ ಪರೀಕ್ಷೆ) ವರದಿಯಲ್ಲಿ ನಾನು ಬೆಥೆಸ್ಡಾ 3 ಅಥವಾ 4, ಅಂದರೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲಾಗದು, ಎಂದು ಬರೆದಾಗಲೆಲ್ಲ ಕೇಳಿಬರುವ ಪ್ರಶ್ನೆ ಇದು.

ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಆದರೆ ಸಾಮಾನ್ಯವಾಗಿ ಸ್ಲೈಡಿನಲ್ಲೇ ಸಿಕ್ಕಿಬೀಳುತ್ತದೆ. ಅದರ ಕೋಶಕೇಂದ್ರದ ಮೇಲೆ ಕಾಫಿಬೀಜದ ಸೀಳಿನಂಥ ಗೆರೆ ಇರುತ್ತದೆ. ಪೇಚಿಗೆ ಸಿಕ್ಕಿಸುವುದು ಫಾಲಿಕ್ಯುಲರ್ ಎಂಬ ಇನ್ನೊಂದು ಬಗೆಯ ಗೆಡ್ಡೆ. ಅದು ತನ್ನ ಕವಚವನ್ನೋ ರಕ್ತನಾಳವನ್ನೋ ಭೇದಿಸಿದ್ದರೆ ಮಾತ್ರ ಕ್ಯಾನ್ಸರ್. ಸೂಜಿಗೆ ಬಿಡಿ ಕೋಶಗಳು ಬರುತ್ತವೆ, ಕವಚ ಬರುವುದಿಲ್ಲ. ಹೀಗಾಗಿ ಖಚಿತಪಡಿಸಿಕೊಳ್ಳಲು ಎಷ್ಟೋ ಸಲ ಅರ್ಧ ಥೈರಾಯ್ಡ್ ತೆಗೆಯಬೇಕಾಗುತ್ತದೆ. ತೆಗೆದವುಗಳಲ್ಲಿ ಬಹುಪಾಲು ಕ್ಯಾನ್ಸರೇ ಅಲ್ಲ!

ಆಸೆ ಹುಟ್ಟಿಸಿರುವುದು ಕೋಶಗಳು ಹೊರಗೆಸೆಯುವ ಪುಟ್ಟ ಪೊಟ್ಟಣಗಳು. ಎಕ್ಸೋಸೋಮ್ ಎಂಬ ಈ ಪೊಟ್ಟಣಗಳ ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ಒಂದು ಕೆಂಪು ರಕ್ತಕಣದ ಅಗಲಕ್ಕೆ ಸುಮಾರು ಐವತ್ತನ್ನಾದರೂ ಸಾಲಾಗಿ ಜೋಡಿಸಬಹುದು. 1983ರಲ್ಲಿ ಕುರಿಯ ಎಳೆಯ ರಕ್ತಕಣಗಳಲ್ಲಿ ಇವನ್ನು ಕಂಡವರಿಗೆ ಇದು ಕೋಶದ ಕಸ ವಿಲೇವಾರಿಯಂತೆ ತೋರಿತು. 2007ರಲ್ಲಿ ಸ್ವೀಡನ್ನಿನ ತಂಡವೊಂದು ಒಳಗೆ ಆರ್‌ಎನ್‌ಎ ಇದೆ, ಅದು ಬೇರೆ ಕೋಶಕ್ಕೂ ದಾಟುತ್ತದೆ ಎಂದು ತೋರಿಸಿದ ಮೇಲೆ ಕಸಕ್ಕೆ ಬೆಲೆ ಬಂತು. ಪ್ಯಾಪಿಲರಿ ಗೆಡ್ಡೆಯಲ್ಲಿ ಏರುವ 146ಬಿ, 222 ಎಂಬ ಮೈಕ್ರೋ ಆರ್‌ಎನ್‌ಎಗಳು (ಪುಟ್ಟ ಆರ್‌ಎನ್‌ಎ ತುಣುಕುಗಳು) ಈ ಪೊಟ್ಟಣಗಳಲ್ಲೂ ಸಿಕ್ಕಿವೆ.

ಹಾಗಾದರೆ ಪರೀಕ್ಷೆ ಮಾಡಿಬಿಡಬಹುದಲ್ಲ? ಇಲ್ಲೇ ತೊಡಕು. ರಕ್ತದಲ್ಲಿ ತೇಲುವ ಪೊಟ್ಟಣಗಳಲ್ಲಿ ಹೆಚ್ಚಿನವು ಪ್ಲೇಟ್‌ಲೆಟ್ ಮತ್ತಿತರ ರಕ್ತಕಣಗಳವು. ಒಂದು ಸೆಂಟಿಮೀಟರ್ ಗಂಟಿನ ಪಾಲು ಎಷ್ಟಿದ್ದೀತು? ಟ್ಯೂಬನ್ನು ಜೋರಾಗಿ ಅಲುಗಾಡಿಸಿದರೂ, ಸೆಂಟ್ರಿಫ್ಯೂಜಿಗೆ ಹಾಕಲು ತಡಮಾಡಿದರೂ ಪ್ಲೇಟ್‌ಲೆಟ್‌ಗಳು ಇನ್ನಷ್ಟು ಉದುರಿಸುತ್ತವೆ. ಬೆಣ್ಣೆದೋಸೆ ತಿಂದು ಬಂದವರ ಪ್ಲಾಸ್ಮಾ ಹಾಲಿನಂತೆ ಮಬ್ಬಾಗಿರುತ್ತದೆ. ಆ ಕೊಬ್ಬಿನ ಕಣಗಳೂ ಇದೇ ಗಾತ್ರದವಾದ್ದರಿಂದ ಎಣಿಸುವ ಯಂತ್ರ ಅವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಒಂದು ಲ್ಯಾಬಿನ ಫಲಿತಾಂಶ ಇನ್ನೊಂದರಲ್ಲಿ ಮರುಕಳಿಸದಿರುವುದಕ್ಕೆ ಅರ್ಧ ಕಾರಣ ಇಂಥ ಸಣ್ಣಪುಟ್ಟ ಸಂಗತಿಗಳೇ. ಆದ್ದರಿಂದ 'ಎಕ್ಸೋಸೋಮ್ ಟೆಸ್ಟ್' ಹೆಸರಲ್ಲಿ ಯಾರಾದರೂ ಹಣ ಕೇಳಿದರೆ, ಸದ್ಯಕ್ಕೆ ಬೇಡ ಎನ್ನುತ್ತೇನೆ.

ನನಗೆ ಹೆಚ್ಚು ಭರವಸೆ ಇರುವುದು ಆಪರೇಷನ್ ನಂತರದ ದಿನಗಳ ಬಗ್ಗೆ. ಪೂರ್ತಿ ಥೈರಾಯ್ಡ್ ತೆಗೆದವರಲ್ಲಿ ಕ್ಯಾನ್ಸರ್ ಮರಳಿತೇ ಎಂದು ನೋಡಲು, ಥೈರಾಯ್ಡ್ ಕೋಶಗಳೇ ತಯಾರಿಸುವ ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನನ್ನು ರಕ್ತದಲ್ಲಿ ಅಳೆಯುತ್ತೇವೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಅದರ ವಿರುದ್ಧವೇ ಪ್ರತಿಕಾಯಗಳಿದ್ದು, ಅಳತೆ ಹುಸಿಯಾಗಿ ಕಡಿಮೆ ಬರುತ್ತದೆ. ಮೂತ್ರದಲ್ಲಿ ಬರುವ ಎಕ್ಸೋಸೋಮ್‌ಗಳೊಳಗೆ ಥೈರೋಗ್ಲೋಬ್ಯುಲಿನ್ ಹುಡುಕುವ ಪ್ರಯತ್ನ ತೈವಾನಿನಲ್ಲಿ ನಡೆದಿದೆ. ಇನ್ನೂ ಕೆಲವೇ ರೋಗಿಗಳ ಅನುಭವ ಅದು. ಅದು ದೃಢಪಡುವವರೆಗೆ ಈ ರೋಗಿಗಳಿಗೆ ಪ್ರತಿಕಾಯದ ಏರಿಳಿತವೂ ಕುತ್ತಿಗೆಯ ಅಲ್ಟ್ರಾಸೌಂಡೂ ಇವೆ.